ಡಿಶ್‌ವಾಷರ್‌ಗೆ ಕುಕ್ಕರ್ ಹಾಕಬಹುದಾ?

ಮನೆಗೆ ಡಿಶ್‌ವಾಷರ್ ಬಂದ ಮೊದಲ ವಾರ ಅಮ್ಮನ ಅಲ್ಯೂಮಿನಿಯಂ ಕುಕ್ಕರನ್ನೂ ಅದರೊಳಗೆ ಇಟ್ಟಿದ್ದೆ. ತೆಗೆದಾಗ ಹೊಳಪೆಲ್ಲ ಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು. ಬೆರಳಾಡಿಸಿದರೆ ಕಪ್ಪು ಹತ್ತುತ್ತಿತ್ತು. ಅಮ್ಮ ಏನೂ ಅನ್ನಲಿಲ್ಲ, ಹುಣಸೆಹಣ್ಣು ತಗೊಂಡು ಉಜ್ಜಲು ಕೂತರು.

ಇದು ಬಿಸಿನೀರಿನ ಕೆಲಸವಲ್ಲ. ದಿನಾ ಉರಿಯ ಮೇಲೆ ಕೂರುವ ಕುಕ್ಕರ್‌ಗೆ 50ರಿಂದ 70 ಡಿಗ್ರಿ ಯಾವ ಲೆಕ್ಕ? ಕಾರಣ ಡಿಶ್‌ವಾಷರ್‌ಗೆ ಹಾಕುವ ತೊಳೆಯುವ ಪುಡಿಯಲ್ಲಿದೆ. ಮಷೀನಿನೊಳಗೆ ಉಜ್ಜುವ ಕೈ ಇಲ್ಲ. ಜಿಡ್ಡು ಬಿಡಿಸುವ ಕೆಲಸವನ್ನು ಪುಡಿಯೇ ಮಾಡಬೇಕು. ಅದಕ್ಕೇ ಅದರಲ್ಲಿ ವಾಷಿಂಗ್ ಸೋಡಾದಂಥ ಕ್ಷಾರ ಜಾಸ್ತಿ. ಅಲ್ಯೂಮಿನಿಯಂ ಮೇಲೆ ಆಕ್ಸೈಡ್‌ನ ಬಲು ತೆಳುವಾದ ಪದರ ಇರುತ್ತದೆ. ಲೋಹವನ್ನು ಕಾಯುವುದು ಅದೇ. ಬರೀ ನೀರಿಗೆ ಅದು ಜಗ್ಗುವುದಿಲ್ಲ, ಕ್ಷಾರದಲ್ಲಿ ಕರಗಿಹೋಗುತ್ತದೆ. ಆಮೇಲೆ ಒಳಗಿನ ಲೋಹವೇ ನೀರಿನ ಜೊತೆ ಸೇರಿ ಮಂಕಾಗುತ್ತದೆ. ಹಾರ್ಡ್ ಅನೋಡೈಸ್ಡ್ ಪಾತ್ರೆಯ ಮೇಲಿರುವುದೂ ಇದೇ ಆಕ್ಸೈಡ್, ದಪ್ಪ ಜಾಸ್ತಿ ಅಷ್ಟೆ. ಅದನ್ನೂ ಹಾಕಬೇಡಿ.

ಸ್ಟೀಲಿನ ಕಥೆ ಬೇರೆ. ಅದರಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದರ ಆಕ್ಸೈಡ್ ಪದರ ಈ ಕ್ಷಾರಕ್ಕೆ ಹೆದರುವುದಿಲ್ಲ. ತಟ್ಟೆ, ಲೋಟ, ಟಿಫಿನ್ ಡಬ್ಬಿ, ಸ್ಟೀಲಿನ ಇಡ್ಲಿ ತಟ್ಟೆ ಎಲ್ಲವನ್ನೂ ಧೈರ್ಯವಾಗಿ ಇಡಿ. ಪಿಂಗಾಣಿಯೂ ಸರಿ, ಚಿನ್ನದ ಅಂಚು ಇಲ್ಲದಿದ್ದರೆ.

ಕಬ್ಬಿಣದ ದೋಸೆ ಕಾವಲಿಯನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಅದರ ಮೇಲಿನ ಕಪ್ಪು ಕೊಳೆಯಲ್ಲ. ಎಣ್ಣೆ ಕಾದು ಕಾದು ಗಟ್ಟಿಯಾಗಿ ಕಟ್ಟಿದ ಪದರ. ವರ್ಷಗಟ್ಟಲೆ ಪಳಗಿಸಿದ್ದು ಒಂದೆರಡು ಸಲದ ತೊಳೆತಕ್ಕೆ ಕಿತ್ತುಬರುತ್ತದೆ, ಒಣಗುವ ಹೊತ್ತಿಗೆ ತುಕ್ಕು ಕಾಣುತ್ತದೆ. ಲಟ್ಟಣಿಗೆ, ಮರದ ಸೌಟು ನೀರು ಕುಡಿದು ಉಬ್ಬಿ, ಒಣಗುವಾಗ ಸೀಳುತ್ತವೆ. ಹಿತ್ತಾಳೆ, ತಾಮ್ರ ಬೇಡವೇ ಬೇಡ. ಪ್ಲಾಸ್ಟಿಕ್ ಡಬ್ಬಿಗೆ ಮಷೀನಿನ ಮೇಲಿನ ಅಂತಸ್ತೇ ಸರಿ, ಯಾಕೆಂದರೆ ಎಷ್ಟೋ ಮಷೀನುಗಳಲ್ಲಿ ಹೀಟರ್ ಕೆಳಗಿರುತ್ತದೆ.

ಗಾಜಿನ ಲೋಟ ಮಬ್ಬಾಯಿತು ಅಂತ ಬೋರ್‌ವೆಲ್ ನೀರಿನ ಮನೆಗಳಲ್ಲಿ ದೂರು ಇದ್ದದ್ದೇ. ಸ್ವಲ್ಪ ವಿನೆಗರ್ ಹಚ್ಚಿ ನೋಡಿ. ಮಬ್ಬು ಹೋದರೆ ಅದು ಗಡಸು ನೀರಿನ ಸುಣ್ಣ. ಮಷೀನಿನ ಉಪ್ಪು ಮುಗಿದಿರಬಹುದು. ಆ ಉಪ್ಪು ಪಾತ್ರೆ ತೊಳೆಯಲು ಅಲ್ಲ. ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಡುವ ಮಷೀನಿನೊಳಗಿನ ರಾಳದ (ರೆಸಿನ್) ಮಣಿಗಳನ್ನು ಮತ್ತೆ ಸಜ್ಜುಗೊಳಿಸಲು. ವಿನೆಗರ್‌ಗೂ ಮಬ್ಬು ಹೋಗದಿದ್ದರೆ ಗಾಜೇ ಸವೆದಿದೆ, ಅದು ವಾಪಸ್ ಬರುವುದಿಲ್ಲ.

ನಾವೀಗ ಸ್ಟೀಲ್ ಕುಕ್ಕರ್ ತಂದಿದ್ದೇವೆ. ಅದು ಮಷೀನಿಗೇ ಹೋಗುತ್ತದೆ. ಮುಚ್ಚಳವನ್ನು ಮಾತ್ರ ಅಮ್ಮ ಪ್ರತಿಸಲ ಕಿಟಕಿಯ ಬೆಳಕಿಗೆ ಹಿಡಿದು, ಆವಿ ಹೋಗುವ ತೂತಿನಲ್ಲಿ ಬೇಳೆ ಚೂರು ಉಳಿದಿದೆಯಾ ಅಂತ ನೋಡಿಯೇ ಒಲೆಗೆ ಇಡುತ್ತಾರೆ.