ಹೊಟ್ಟಿನ ಬೂದಿ ಕಾಂಕ್ರೀಟಿಗೆ ಯಾಕೆ ಸೇರುತ್ತಿಲ್ಲ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳ ಹಿಂದೆ ಭತ್ತದ ಹೊಟ್ಟು ಸುಟ್ಟ ಕಪ್ಪು ಬೂದಿಯ ಗುಡ್ಡೆ ಬಿದ್ದಿರುತ್ತದೆ. ಇದು ಸಿಮೆಂಟಿಗೆ ಬೆರೆಸಲು ಒಳ್ಳೆಯ ವಸ್ತು ಎನ್ನುತ್ತಾರೆ ಸಂಶೋಧಕರು. ಸೈಟಿನ ಎಂಜಿನಿಯರ್ ಮುಟ್ಟಲೂ ಒಪ್ಪುವುದಿಲ್ಲ. ತಮಾಷೆ ಎಂದರೆ, ಇಬ್ಬರ ಮಾತೂ ಸರಿ.

ಸುಟ್ಟ ಪುಡಿಯನ್ನು ಗಾರೆಗೆ ಬೆರೆಸುವುದು ಹೊಸದೇನಲ್ಲ. ರೋಮನ್ನರು ಜ್ವಾಲಾಮುಖಿಯ ಬೂದಿ ಬೆರೆಸಿದರು, ನಮ್ಮವರು ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಈ ಭತ್ತಕ್ಕೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟನ್ನು ಕಟ್ಟಿದ್ದೂ ಸುರ್ಕಿ ಗಾರೆಯಲ್ಲೇ. ಆಮೇಲೆ ಎಲ್ಲ ಕಡೆ ಸಿಮೆಂಟೇ ಆಯಿತು, ಸುರ್ಕಿ ಮೂಲೆ ಸೇರಿತು.

ಹೊಟ್ಟಿನ ಬೂದಿಗೆ ಬೆಲೆ ಬಂದದ್ದು 1970ರ ದಶಕದಲ್ಲಿ. ಅಮೆರಿಕದ ಬರ್ಕ್ಲಿಯಲ್ಲಿ ಪಿ.ಕೆ. ಮೆಹ್ತಾ ಅದರಿಂದ ಸಿಮೆಂಟ್ ಮಾಡುವ ದಾರಿ ಹುಡುಕಿದರು. ಐಐಟಿ ಕಾನ್ಪುರದಲ್ಲಿ ಬೂದಿಗೆ ಸುಣ್ಣ ಸೇರಿಸಿ ಅರೆದು ನೋಡಿದರು. ಲೆಕ್ಕ ಸರಳ: ಒಂದು ಟನ್ ಭತ್ತಕ್ಕೆ ಸುಮಾರು 200 ಕೆಜಿ ಹೊಟ್ಟು, ಅದನ್ನು ಸುಟ್ಟರೆ 40 ಕೆಜಿ ಬೂದಿ. ಅದರಲ್ಲಿ ಹೆಚ್ಚುಕಡಿಮೆ 85–90% ಸಿಲಿಕಾ. ಸಿಮೆಂಟ್ ನೀರು ಕುಡಿದಾಗ ಸುಣ್ಣ ಬಿಡುತ್ತದೆ. ಸಿಲಿಕಾ ಆ ಸುಣ್ಣವನ್ನು ಹಿಡಿದು ಇನ್ನಷ್ಟು ಅಂಟು ಮಾಡುತ್ತದೆ.

ತೊಡಕು ಇರುವುದು ಬೆಂಕಿಯಲ್ಲಿ. ಸುಮಾರು 700 ಡಿಗ್ರಿಯೊಳಗೆ ಹದವಾಗಿ ಸುಟ್ಟರೆ ಸಿಲಿಕಾ ಚುರುಕಾಗಿರುತ್ತದೆ. ಅದಕ್ಕಿಂತ ಜಾಸ್ತಿ ಕಾದರೆ ಹರಳುಗಟ್ಟಿ ಮರಳಿನಂತೆ ಸುಮ್ನೆ ಕೂರುತ್ತದೆ. ಸರಿಯಾಗಿ ಉರಿಯದಿದ್ದರೆ ಇದ್ದಿಲು ಉಳಿಯುತ್ತದೆ, ಕಾಂಕ್ರೀಟಿಗೆ ಹಾಕಿದ ರಾಸಾಯನಿಕವನ್ನು ಅದೇ ಹೀರಿಬಿಡುತ್ತದೆ. ಮಿಲ್ಲಿನ ಬಾಯ್ಲರ್ ಉರಿಯುವುದು ಭತ್ತ ಬೇಯಿಸುವ ಹಬೆಗೆ, ಬೂದಿಯ ಹದಕ್ಕಲ್ಲ. ಹಾಗಾಗಿ ಬೆಳಗಿನ ಲೋಡು ಒಂದು ಥರ, ಸಂಜೆಯದು ಇನ್ನೊಂದು ಥರ. ಬೂದಿಯ ಕಣದಲ್ಲೆಲ್ಲ ಸಣ್ಣ ತೂತು, ನೀರನ್ನೂ ಜಾಸ್ತಿ ಕೇಳುತ್ತದೆ. ಸ್ಲ್ಯಾಬ್ ಹಾಕಿಸುವವರು ಹೆದರುವುದು ತಪ್ಪಲ್ಲ, ಅಲ್ವಾ?

ಈ ನಡುವೆ ಕಲ್ಲಿದ್ದಲಿನ ಹಾರುಬೂದಿಗೆ ಅದೃಷ್ಟ ಖುಲಾಯಿಸಿತು. ರಾಯಚೂರಿನಂಥ ಶಾಖೋತ್ಪನ್ನ ಕೇಂದ್ರಗಳಲ್ಲಿ ಅದು ರಾಶಿರಾಶಿ ಸಿಗುತ್ತದೆ. 1999ರಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಗೆ ನಿಯಮ ಮಾಡಿತು, ಆಮೇಲೆ ಮತ್ತೆ ಮತ್ತೆ ಬಿಗಿ ಮಾಡಿತು. ಹಾರುಬೂದಿ ಬೆರೆಸಿದ ಪಿಪಿಸಿ ಎಂಬ ಸಿಮೆಂಟಿನ ಚೀಲದಲ್ಲಿ ಈಗ 15ರಿಂದ 35% ಅದೇ ಇರುತ್ತದೆ. ಹೊಟ್ಟಿನ ಬೂದಿಗೂ ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456:2000ರಲ್ಲಿ ಜಾಗ ಸಿಕ್ಕಿತು, ಆದರೆ ಒಂದೇ ಸಾಲು: ಗುಣ ಒಂದೇ ಸಮನಿದ್ದರೆ, ಅಧಿಕಾರಿ ಒಪ್ಪಿದರೆ ಬಳಸಬಹುದು. ಅಂಥ ಸಾಲಿನ ಕೆಳಗೆ ಸಹಿ ಹಾಕುವ ಧೈರ್ಯ ಯಾರಿಗಿದೆ?

ಸದ್ಯಕ್ಕೆ ಈ ಬೂದಿ ತಗ್ಗು ತುಂಬಲು ಹೋಗುತ್ತದೆ, ಇಟ್ಟಿಗೆ ಮಣ್ಣಿಗೆ ಸೇರುತ್ತದೆ. ಒಳ್ಳೆಯ ಗಿರಾಕಿ ಎಂದರೆ ಉಕ್ಕಿನ ಕಾರ್ಖಾನೆ. ಕರಗಿದ ಉಕ್ಕಿನ ಶಾಖ ಹಾರದಂತೆ ಮೇಲೆ ಹೊದಿಸಲು ಇದು ಬೇಕು. ಆ ಕೆಲಸಕ್ಕೆ ಹರಳುಗಟ್ಟಿದ ಬೂದಿಯಾದರೂ ನಡೆಯುತ್ತದೆ.