ಸ್ಟ್ರಾ ಪೋಲ್ ಗೆಲ್ಲಬೇಕೆ? ಮೊದಲು ಬಾಗಿಲ ನಿಯಮ ಓದಿ

ಅಮೆರಿಕದ ಪಕ್ಷ ಸಮಾವೇಶಗಳಲ್ಲಿ ಊಟ, ಭಾಷಣಗಳ ನಡುವೆ, ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕೆಂದು ನಡೆಯುವ ಅನಧಿಕೃತ ಮತದಾನಕ್ಕೆ ಸ್ಟ್ರಾ ಪೋಲ್ ಎನ್ನುತ್ತಾರೆ. ಗೆದ್ದವರಿಗೆ ಸಾಮಾನ್ಯವಾಗಿ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಪ್ರತಿನಿಧಿಗಳಲ್ಲಿ ಒಬ್ಬರೂ ದಕ್ಕುವುದಿಲ್ಲ, ದಕ್ಕುವುದು ಮರುದಿನದ ಪತ್ರಿಕೆಯ ತಲೆಬರಹ. ಸಮೀಕ್ಷೆಯಾದರೆ ಯಾರನ್ನು ಕೇಳಬೇಕೆಂದು ಸಮೀಕ್ಷಕರು ಆರಿಸುತ್ತಾರೆ. ಇಲ್ಲಿ ಬಂದವರೇ ಮತದಾರರು. ಹಾಗಾಗಿ ಪ್ರಚಾರ ತಂಡಗಳು ಮನವೊಲಿಕೆಗಿಂತ ಹೆಚ್ಚಿನ ಶ್ರಮವನ್ನು ಪ್ರವೇಶದ್ವಾರದ ಮೇಲೆ ಹಾಕುತ್ತವೆ.

1975ರ ಅಕ್ಟೋಬರ್‌ನಲ್ಲಿ ಅಯೋವಾದ ಏಮ್ಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಭೋಜನಕೂಟ ನಡೆಯಿತು. ಅಲ್ಲಿ ಮತ ಎಣಿಸುತ್ತಾರೆಂದು ಜಿಮ್ಮಿ ಕಾರ್ಟರ್ ತಂಡಕ್ಕೆ ಮೊದಲೇ ಗೊತ್ತಿತ್ತು. ತಮ್ಮವರನ್ನು ಹೊಂದಿಸಿ ಕರೆತಂದರು. ಸಿಕ್ಕಿದ್ದು ಸುಮಾರು ಶೇ. 23 ಮತ, ಆದರೂ ಮೊದಲ ಸ್ಥಾನ. ಜಾರ್ಜಿಯಾದ ಅಪರಿಚಿತ ಮಾಜಿ ಗವರ್ನರ್ ಅಯೋವಾದಲ್ಲಿ ಮುಂದಿದ್ದಾರೆ ಎಂದು ‘ನ್ಯೂಯಾರ್ಕ್ ಟೈಮ್ಸ್’ ಬರೆಯಿತು. ಆ ವರದಿಯ ಮುಂದೆ ಕರೆತಂದ ಖರ್ಚು ಏನೇನೂ ಅಲ್ಲ.

ಈ ವಿದ್ಯೆ ದೊಡ್ಡ ಉದ್ಯಮವಾಗಿ ಬೆಳೆದದ್ದು ಅದೇ ಊರಿನ ರಿಪಬ್ಲಿಕನ್ ಸ್ಟ್ರಾ ಪೋಲ್‌ನಲ್ಲಿ. 1979ರಿಂದ 2011ರವರೆಗೆ ಆರು ಸಲ ನಡೆದ ಇದು ಮೂಲತಃ ರಾಜ್ಯ ಪಕ್ಷದ ನಿಧಿ ಸಂಗ್ರಹ. ಮತ ಹಾಕಲು ಟಿಕೆಟ್ ಬೇಕಿತ್ತು, ಟಿಕೆಟ್ಟಿನ ದುಡ್ಡು ಯಾರು ಕೊಟ್ಟರೆಂದು ಯಾರೂ ಕೇಳುತ್ತಿರಲಿಲ್ಲ. 2011ರಲ್ಲಿ ಬೆಲೆ 30 ಡಾಲರ್. ಲೆಕ್ಕ ಹಾಕಿ ನೋಡಿ: ಸಾವಿರ ಮತಕ್ಕೆ ಟಿಕೆಟ್ಟಿಗೇ 30,000 ಡಾಲರ್, ಐವತ್ತು ಆಸನದ ಬಸ್ಸಾದರೆ ಇಪ್ಪತ್ತು. ಮೇಲೆ ಊಟ, ನೆರಳು, ಸಂಗೀತ. ಆಗಸ್ಟ್ ಬಿಸಿಲಿಗೆ ಹವಾನಿಯಂತ್ರಿತ ಡೇರೆಯೂ ಮತ ತರುವ ಸಾಧನವೇ. ಡೇರೆ ಹಾಕುವ ಜಾಗವನ್ನು ಪಕ್ಷ ಹರಾಜು ಹಾಕುತ್ತಿತ್ತು. 2011ರಲ್ಲಿ ಅತ್ಯುತ್ತಮ ಜಾಗಕ್ಕೆ ಅಭ್ಯರ್ಥಿ ರಾನ್ ಪಾಲ್ 31,000 ಡಾಲರ್ ತೆತ್ತರು.

ದುಡ್ಡು ಸೋರುವುದು ಎಲ್ಲಿ? ಟಿಕೆಟ್ ಪಡೆದವರೆಲ್ಲ ಬರುವುದಿಲ್ಲ, ಬಂದವರೆಲ್ಲ ಕೊಟ್ಟವರಿಗೇ ಹಾಕುವುದಿಲ್ಲ. ಒಬ್ಬರ ಡೇರೆಯಲ್ಲಿ ಉಂಡು ಇನ್ನೊಬ್ಬರಿಗೆ ಮತ ಹಾಕಿದರೆ ತಡೆಯುವವರಿಲ್ಲ, ಅದು ರಹಸ್ಯ ಮತದಾನ. ಇನ್ನೊಬ್ಬ ಅಭ್ಯರ್ಥಿ ಮಿಶೆಲ್ ಬಾಕ್ಮನ್ ತಂಡ ಆ ವರ್ಷ ಸುಮಾರು 6,000 ಟಿಕೆಟ್ ಒದಗಿಸಿತ್ತೆಂದು ವರದಿಯಾಗಿತ್ತು. ಬಂದದ್ದು 4,823 ಮತ. ರಾನ್ ಪಾಲ್ 4,671ರೊಂದಿಗೆ ಬೆನ್ನಿಗೇ ಇದ್ದರು. ಜಾಣ ತಂಡ ಟಿಕೆಟ್ಟನ್ನು ಅಂಚೆಯಲ್ಲಿ ಹಂಚದೆ ಬಸ್ಸಿನಲ್ಲೇ ಕೈಗೆ ಕೊಡುತ್ತದೆ. ಪ್ರತಿ ಬಸ್ಸಿಗೂ ಹೆಸರುಪಟ್ಟಿ ಹಿಡಿದ ಒಬ್ಬ ಮುಖಂಡ. ಇಳಿದ ಕೂಡಲೇ ಮೊದಲು ಮತಗಟ್ಟೆ, ಊಟ ಆಮೇಲೆ. ಈ ಸರದಿ ತಪ್ಪಿತೋ, ಸಾಲು ಉದ್ದವಾಗಿರುವುದನ್ನು ಕಂಡು ಜನ ಬಸ್ಸಿಗೇ ಮರಳುತ್ತಾರೆ.

ಮೈದಾನ ತುಂಬಿಸಲು ಪಕ್ಕದ ಜಿಲ್ಲೆಯಿಂದ ಜನ ತರುವುದನ್ನು ಕಂಡ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನೂ ಇರಲಿಕ್ಕಿಲ್ಲ. ವ್ಯತ್ಯಾಸ ಇಷ್ಟೇ, ಅಲ್ಲಿ ತಂದ ತಲೆಗಳನ್ನು ಎಣಿಸಿ ಪ್ರಕಟಿಸುತ್ತಾರೆ. ಏಮ್ಸ್‌ನಲ್ಲಿ 1995ರಲ್ಲಿ ಹೊರರಾಜ್ಯದವರೂ ಮತ ಹಾಕಬಹುದಿತ್ತು. ಫಿಲ್ ಗ್ರಾಮ್, ಬಾಬ್ ಡೋಲ್ ಇಬ್ಬರಿಗೂ 2,582 ಮತ ಬಂದು ಸಮಬಲವಾಯಿತು. ಮುಂದಿನ ಸಲದಿಂದ ಅಯೋವಾ ನಿವಾಸಿಗಳಿಗೆ ಮಾತ್ರ ಹಕ್ಕು.

ಬಾಗಿಲು ಬದಲಾದರೆ ಗೆಲ್ಲುವವರೂ ಬದಲಾಗುತ್ತಾರೆ. ಸಂಪ್ರದಾಯವಾದಿಗಳ ವಾರ್ಷಿಕ ಸಮ್ಮೇಳನ ಸಿಪ್ಯಾಕ್‌ನಲ್ಲಿ ವಿದ್ಯಾರ್ಥಿಗಳಿಗೆ ಶುಲ್ಕ ಕಡಿಮೆ. 2010ರಲ್ಲಿ ಅಲ್ಲಿ ಮತ ಹಾಕಿದ 2,395 ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧ ವಿದ್ಯಾರ್ಥಿಗಳು; ಶೇ. 31 ಪಡೆದು ರಾನ್ ಪಾಲ್ ಗೆದ್ದರು. ನನಗೆ ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು ಕ್ರೈಸ್ತ ಸಂಪ್ರದಾಯವಾದಿಗಳ 2007ರ ವ್ಯಾಲ್ಯೂಸ್ ವೋಟರ್ ಸಮಾವೇಶ. ಒಂದು ಡಾಲರ್ ಕೊಟ್ಟವರು ಆನ್‌ಲೈನ್‌ನಲ್ಲೂ ಮತ ಹಾಕಬಹುದಿತ್ತು. ಒಟ್ಟು ಲೆಕ್ಕದಲ್ಲಿ ಮಿಟ್ ರಾಮ್ನಿ 1,595, ಮೈಕ್ ಹಕಬಿ 1,565. ಸಭಾಂಗಣದಲ್ಲಿ ಕೂತು ಭಾಷಣ ಕೇಳಿ ಹಾಕಿದ 952 ಮತಗಳನ್ನಷ್ಟೇ ತೆಗೆದುಕೊಂಡರೆ ಹಕಬಿಗೆ 488, ರಾಮ್ನಿಗೆ 99! ಎರಡೂ ತಂಡಗಳು ತಾವೇ ಗೆದ್ದೆವೆಂದು ಹೇಳಿಕೊಳ್ಳಲು ಸಾಮಗ್ರಿ ಸಿಕ್ಕಿತು.

ಗೆಲ್ಲಲಾಗದು ಎಂದು ಗೊತ್ತಾದಾಗ ಪೋಲ್ ಅನ್ನೇ ಹಗುರ ಮಾಡುವ ದಾರಿಯೂ ಉಂಟು. 2006ರಲ್ಲಿ ಟೆನ್ನೆಸ್ಸಿ ರಾಜ್ಯದ ಮೆಂಫಿಸ್‌ನ ರಿಪಬ್ಲಿಕನ್ ಸಮಾವೇಶದಲ್ಲಿ ಅದೇ ರಾಜ್ಯದವರಾದ ಬಿಲ್ ಫ್ರಿಸ್ಟ್‌ಗೆ ತವರಿನ ಜನ ತುಂಬಿದ್ದರು. ಜಾನ್ ಮೆಕೇನ್ ತಮ್ಮ ಬೆಂಬಲಿಗರಿಗೆ, ನನ್ನ ಬದಲು ಅಧ್ಯಕ್ಷ ಬುಷ್ ಹೆಸರು ಬರೆಯಿರಿ ಎಂದುಬಿಟ್ಟರು. ಸೋಲು ನಿಷ್ಠೆಯ ವೇಷ ತೊಟ್ಟಿತು. ಇನ್ನೂ ಸುಲಭದ ದಾರಿ ದೂರ ಉಳಿಯುವುದು. ಏಮ್ಸ್‌ನಲ್ಲಿ 2007ರಲ್ಲಿ ಗೆದ್ದಿದ್ದ ರಾಮ್ನಿ 2011ರಲ್ಲಿ ಅಲ್ಲಿ ಪೈಪೋಟಿಗೇ ಇಳಿಯಲಿಲ್ಲ, ಕೊನೆಗೆ ಪಕ್ಷದ ಅಭ್ಯರ್ಥಿಯಾದದ್ದು ಅವರೇ. ಅದೇ ಏಮ್ಸ್‌ನಲ್ಲಿ ಎಲ್ಲವನ್ನೂ ಪಣಕ್ಕಿಟ್ಟ ಟಿಮ್ ಪಾಲೆಂಟಿ 2,293 ಮತ ಪಡೆದು ಮೂರನೆಯವರಾದರು, ಮರುದಿನವೇ ಕಣದಿಂದ ಹಿಂದೆ ಸರಿದರು. ಗೆದ್ದ ಬಾಕ್ಮನ್ 2012ರ ಜನವರಿಯ ನಿಜವಾದ ಕಾಕಸ್‌ನಲ್ಲಿ (ಅಭ್ಯರ್ಥಿ ಆಯ್ಕೆಗೆ ಪಕ್ಷ ನಡೆಸುವ ಅಧಿಕೃತ ಸಭೆಗಳಲ್ಲಿ) ಶೇ. 5ರಷ್ಟು ಮತದೊಂದಿಗೆ ಆರನೆಯ ಸ್ಥಾನಕ್ಕೆ ಇಳಿದರು.

ಇದನ್ನು ಕಂಡ ಮೇಲೆ ಡೇರೆಗೆ ದುಡ್ಡು ಸುರಿಯುವ ಉಮೇದು ಯಾರಲ್ಲೂ ಉಳಿಯಲಿಲ್ಲ. 2015ರ ಪೋಲ್ ಅನ್ನು ಅಯೋವಾದ ಇನ್ನೊಂದು ಊರಾದ ಬೂನ್‌ಗೆ ಸ್ಥಳಾಂತರಿಸಿದರೂ ಪ್ರಮುಖ ಅಭ್ಯರ್ಥಿಗಳು ಮುಂದೆ ಬರಲಿಲ್ಲ; ಜೂನ್‌ನಲ್ಲಿ ಅಯೋವಾ ಪಕ್ಷವೇ ಅದನ್ನು ರದ್ದುಮಾಡಿತು.