ಗೋಳಗುಮ್ಮಟ ಏಳು ಸಲ ಕೂಗುತ್ತದೋ, ಹತ್ತು ಸಲವೋ?

ವಿಜಯಪುರದಲ್ಲಿ ಈ ಪ್ರಶ್ನೆ ಯಾರಿಗೆ ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಶಾಲೆಯಲ್ಲಿ ಕಲಿತವರು ಏಳು ಅನ್ನುತ್ತಾರೆ. ಗೈಡ್‌ಗಳು ಹತ್ತು ಅನ್ನುತ್ತಾರೆ. ಹನ್ನೊಂದು ಅನ್ನುವವರೂ ಇದ್ದಾರೆ. ಈಗ ಈ ವಾದಕ್ಕೆ ಮೊಬೈಲೂ ಸೇರಿಕೊಂಡಿದೆ. ಸದ್ದಿನಲ್ಲಿ ಯಾವ ಸ್ವರ ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್ ಆ್ಯಪ್ ಹಾಕಿಕೊಂಡು ಮೇಲಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವುದು, ಪರದೆಯ ಮೇಲೆ ಎದ್ದ ಗೆರೆಗಳ ಫೋಟೋ ಹಂಚುವುದು, ‘ನೋಡ್ರಿ, ಗುಮ್ಮಟದ ಫ್ರೀಕ್ವೆನ್ಸಿ ಇಷ್ಟೇ ಐತಿ’ ಅಂತ ಬರೆಯುವುದು. ಒಬ್ಬರ ಅಂಕಿಗೂ ಇನ್ನೊಬ್ಬರ ಅಂಕಿಗೂ ತಾಳೆಯೇ ಇರುವುದಿಲ್ಲ.

ಗೊಂದಲಕ್ಕೆ ಒಂದು ಕಾರಣ, ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಒಂದು ಪ್ರತಿಧ್ವನಿ. ಇನ್ನೊಂದು ಪಿಸುಮಾತು ಗೋಡೆಗುಂಟ ಸಾಗಿ ದೂರದಲ್ಲಿ ಕೇಳಿಸುವುದು. ಎರಡೂ ಒಂದೇ ಗ್ಯಾಲರಿಯಲ್ಲಿ ನಡೆಯುತ್ತವೆ, ಆದರೆ ಎರಡರ ದಾರಿ ಬೇರೆ.

ಮೊದಲು ಪ್ರತಿಧ್ವನಿ. ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ಗೋಡೆಗೆ ಬೆನ್ನು ಹಚ್ಚಿ ಚಪ್ಪಾಳೆ ತಟ್ಟಿದರೆ ಆ ಸದ್ದು ಎದುರಿನ ಗೋಡೆಗೆ ಹೋಗಿ ಬರಲು 76 ಮೀಟರ್ ಓಡಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಒಂದು ಸಲ ಹೋಗಿ ಬರಲು 0.22 ಸೆಕೆಂಡ್. ಎರಡು ಸದ್ದುಗಳ ನಡುವೆ ಸುಮಾರು 0.1 ಸೆಕೆಂಡ್ ಬಿಡುವಿದ್ದರೆ ನಮ್ಮ ಕಿವಿ ಅವನ್ನು ಬೇರೆ ಬೇರೆಯಾಗಿ ಕೇಳುತ್ತದೆ. ಇಲ್ಲಿ ಅದರ ಎರಡು ಪಟ್ಟು ಬಿಡುವಿದೆ. ಅದಕ್ಕೇ ಅಷ್ಟು ಸ್ಪಷ್ಟ. ಏಳನೆಯದು ಒಂದೂವರೆ ಸೆಕೆಂಡಿಗೆ ಬರುತ್ತದೆ, ಹತ್ತನೆಯದು 2.2 ಸೆಕೆಂಡಿಗೆ.

ಹತ್ತಕ್ಕೇ ನಿಲ್ಲಬೇಕು ಅಂತೇನೂ ಇಲ್ಲ. ಪ್ರತಿ ಸಲ ಗೋಡೆಗೆ ಬಡಿದಾಗ ಸದ್ದು ಸ್ವಲ್ಪ ಸೊರಗುತ್ತದೆ. ಕೊನೆಗೆ ಅದು ಒಳಗಿನ ಗದ್ದಲಕ್ಕಿಂತ ಕೆಳಗೆ ಇಳಿಯುತ್ತದೆ. ನಮ್ಮ ಎಣಿಕೆ ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಏಳೋ ಹತ್ತೋ ಅನ್ನುವುದು ಗುಮ್ಮಟದ ಲೆಕ್ಕಕ್ಕಿಂತ ಆ ಹೊತ್ತಿಗೆ ಒಳಗಿದ್ದ ಜನರ ಲೆಕ್ಕ. ಭಾನುವಾರ ಮಧ್ಯಾಹ್ನ ಹೋದವರು ಮೂರು ಎಣಿಸಿದರೆ ಅದೇ ಜಾಸ್ತಿ.

ಪಿಸುಮಾತಿನ ಕಥೆ ಇನ್ನೂ ಸ್ವಾರಸ್ಯದ್ದು. ಮೊಹಮ್ಮದ್ ಆದಿಲ್ ಶಾಹನ ಸಮಾಧಿಯಾಗಿ 1656ರ ಹೊತ್ತಿಗೆ ಗುಮ್ಮಟ ಎದ್ದು ನಿಂತಿತು. ಮುಂದಿನ ಎರಡೂವರೆ ಶತಮಾನ ಜನ ಪಿಸುಗುಟ್ಟಿದರು, ಕೇಳಿ ಬೆರಗಾದರು. ಹೀಗೇಕೆ ಅನ್ನುವ ಚರ್ಚೆ ಬಲವಾಗಿ ನಡೆದದ್ದು ದೂರದ ಲಂಡನ್ನಿನಲ್ಲಿ. ಅಲ್ಲಿನ ಸೇಂಟ್ ಪಾಲ್ ಚರ್ಚಿನಲ್ಲೂ ಇಂಥದ್ದೇ ಒಂದು ಗ್ಯಾಲರಿಯಿದೆ, ನಮ್ಮದಕ್ಕಿಂತ ಸ್ವಲ್ಪ ಚಿಕ್ಕದು. ಸದ್ದು ಗುಮ್ಮಟಕ್ಕೆ ಬಡಿದು ಎದುರು ತುದಿಯಲ್ಲಿ ಒಂದು ಕಡೆ ಕೂಡುತ್ತದೆ ಅಂತ ಏರಿ ಎಂಬ ಖಗೋಳ ವಿಜ್ಞಾನಿ ಹೇಳಿದ್ದರು. ಭೌತವಿಜ್ಞಾನಿ ಲಾರ್ಡ್ ರೇಲಿ ಇದನ್ನು ಒಪ್ಪಲಿಲ್ಲ. ಪಿಸುಮಾತು ಎದುರು ತುದಿಯಲ್ಲಷ್ಟೇ ಅಲ್ಲ, ಗೋಡೆಗುಂಟ ಎಲ್ಲಿ ಕಿವಿ ಇಟ್ಟರೂ ಕೇಳುತ್ತದೆ. ಹಾಗಾದರೆ ಸದ್ದು ಗೋಡೆಯನ್ನು ತಬ್ಬಿಕೊಂಡೇ ಸುತ್ತುತ್ತಿರಬೇಕು, ಜಾತ್ರೆಯ ಮರಣಬಾವಿಯಲ್ಲಿ ಬೈಕು ಸುತ್ತುವ ಹಾಗೆ.

ರೇಲಿ ಇದನ್ನು ತೋರಿಸಿದ ಉಪಕರಣ ಇವತ್ತಿನ ಕಣ್ಣಿಗೆ ವಿಚಿತ್ರ. ಅದರಲ್ಲಿ ಮುಳ್ಳಿಲ್ಲ, ಅಂಕಿಯಿಲ್ಲ. ಬಗ್ಗಿಸಿದ ತಗಡಿನ ಗೋಡೆ. ಒಂದು ತುದಿಯಲ್ಲಿ ಹಕ್ಕಿಯಂತೆ ಕೂಗುವ ಸೀಟಿ. ಇನ್ನೊಂದು ತುದಿಯಲ್ಲಿ ಗ್ಯಾಸಿನ ಜ್ವಾಲೆ. ಆ ಜ್ವಾಲೆ ಎತ್ತರದ ಸ್ವರ ಕೇಳಿದರೆ ಹಾರಾಡುತ್ತದೆ. ಗೋಡೆಯ ಒಳಮೈಗೆ ಒಂದು ಸಣ್ಣ ಪಟ್ಟಿ ಅಡ್ಡ ಹಿಡಿದರೆ ಸಾಕು, ಜ್ವಾಲೆ ಸುಮ್ಮನಾಗುತ್ತದೆ. ಸದ್ದು ಬರುತ್ತಿರುವುದು ಗೋಡೆಗುಂಟ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? 1910ರಲ್ಲಿ ಅವರು ಇದರ ಗಣಿತವನ್ನೂ ಬರೆದರು. ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವುದು; ಅದರ ಅಳತೆ ಹರ್ಟ್ಸ್) ಹೆಚ್ಚಾದಷ್ಟೂ ಸದ್ದು ಗೋಡೆಗೆ ಬಿಗಿಯಾಗಿ ಅಂಟುತ್ತದೆ. ಗಂಡಸರ ಮಾತಿನ ಮೂಲ ಸ್ವರ ಸುಮಾರು 120 ಹರ್ಟ್ಸ್, ಅದರ ಒಂದು ಅಲೆಯ ಉದ್ದ ಮೂರು ಮೀಟರಿಗೆ ಹತ್ತಿರ. ಪಿಸುಮಾತಿನ ‘ಸ್’, ‘ಶ್’ಗಳಲ್ಲಿ 3,000 ಹರ್ಟ್ಸ್ ದಾಟಿದ ಭಾಗವೇ ಜಾಸ್ತಿ. ಅದರ ಅಲೆ ಹತ್ತು ಹನ್ನೊಂದು ಸೆಂಟಿಮೀಟರ್. ಗಟ್ಟಿಯಾಗಿ ಕೂಗಿದ್ದಕ್ಕಿಂತ ಮೆಲ್ಲಗೆ ಅಂದದ್ದು ಗೋಡೆಗುಂಟ ಚೆನ್ನಾಗಿ ಹೋಗುವುದು ಇದಕ್ಕೇ. ಗ್ಯಾಲರಿಗೆ ಬಂದು ಗಂಟಲು ಹರಿಯುವಂತೆ ಕಿರುಚುವವರಿಗೆ ಇದನ್ನು ಮೆಟ್ಟಿಲ ಹತ್ತಿರವೇ ಹೇಳಿದರೆ ಒಳ್ಳೆಯದಿತ್ತು.

ಆಮೇಲೆ ಸಿ.ವಿ. ರಾಮನ್ ಬಂದರು. 1921ರಲ್ಲಿ ಅವರು ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ಇಂಗ್ಲೆಂಡಿಗೆ ಹೋಗಿದ್ದರು. ವಾಪಸಾಗುವಾಗ ಸಮುದ್ರದ ನೀಲಿ ಕಂಡು ಬೆಳಕಿನ ಚದುರಿಕೆಯ ಬಗ್ಗೆ ಯೋಚಿಸಿದರು ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ, ಅಲ್ವಾ? ಅದೇ ಪ್ರವಾಸದಲ್ಲಿ ಅವರು ಸೇಂಟ್ ಪಾಲ್ ಗ್ಯಾಲರಿಯಲ್ಲೂ ಪ್ರಯೋಗ ಮಾಡಿದ್ದರು ಅನ್ನುವುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಸದರ್ಲೆಂಡ್ ಎಂಬುವರ ಜೊತೆ ಸೇರಿ ಅಳೆದಾಗ ಅವರಿಗೆ ಕಂಡದ್ದು ಇದು: ಗೋಡೆಯಿಂದ ಒಳಕ್ಕೆ ಬರುತ್ತಾ ಹೋದರೆ ಸದ್ದು ಸುಮ್ನೆ ಒಂದೇ ಸಮ ಕಡಿಮೆಯಾಗುವುದಿಲ್ಲ. ಒಮ್ಮೆ ಜೋರು, ಒಮ್ಮೆ ಮೆಲ್ಲಗೆ, ಮತ್ತೆ ಜೋರು, ಹೀಗೆ ಪಟ್ಟೆ ಪಟ್ಟೆಯಾಗಿರುತ್ತದೆ. ಭಾರತಕ್ಕೆ ಬಂದ ಮೇಲೆ 1922ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲ್ಲಿನ ಕಟ್ಟಡಗಳನ್ನೂ ತೆಗೆದುಕೊಂಡರು. ಪಾಟ್ನಾದ ಗೋಲ್‌ಘರ್ ಅದರಲ್ಲಿತ್ತು. ನಮ್ಮ ಗೋಳಗುಮ್ಮಟವೂ ಇತ್ತು. ಮುಂದೆ ನೊಬೆಲ್ ತರುವ ಮನುಷ್ಯನ ಕಣ್ಣಿಗೆ ಬಿದ್ದ ಈ ಕಟ್ಟಡ ನಮ್ಮಲ್ಲಿ ಇನ್ನೂ ‘ಕೂಗಿ ನೋಡುವ ಜಾಗ’ವಾಗಿಯೇ ಉಳಿದಿದೆ.

ಉಪಕರಣಗಳು ಮಾತ್ರ ಬಹಳ ಮುಂದೆ ಹೋದವು. ಯಾವ ಅಲೆಯನ್ನಾದರೂ ಬಿಡಿ ಬಿಡಿ ಸ್ವರಗಳಾಗಿ ಒಡೆಯಬಹುದು ಅನ್ನುವ ಫ್ರಾನ್ಸಿನ ಗಣಿತಜ್ಞ ಫೂರಿಯೆಯ 1822ರ ಗಣಿತವನ್ನು ಕಂಪ್ಯೂಟರು ಚಕಚಕನೆ ಮಾಡುವ ವಿಧಾನ 1965ರಲ್ಲಿ ಪ್ರಕಟವಾಯಿತು. ಈಗ ಅದು ಎಲ್ಲರ ಜೇಬಿನಲ್ಲಿದೆ.

ಇಲ್ಲೇ ಇನ್ನೊಂದು ಗೊಂದಲ ಹುಟ್ಟಿದ್ದು. ಮೊಬೈಲು ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯುತ್ತದೆ ಅಂದುಕೊಳ್ಳಿ. ಆ್ಯಪ್ 4,096 ಅಳತೆಗಳ ಒಂದು ಕಟ್ಟು ತೆಗೆದುಕೊಂಡರೆ ಅದು 0.085 ಸೆಕೆಂಡಿನ ತುಣುಕು. ಅಷ್ಟು ಚಿಕ್ಕ ತುಣುಕಿನಲ್ಲಿ 12 ಹರ್ಟ್ಸ್‌ಗಿಂತ ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಗುಮ್ಮಟದ ಸುತ್ತಳತೆ ಸುಮಾರು 119 ಮೀಟರ್. ಗೋಡೆಗುಂಟ ಹೋಗುವ ಸದ್ದು ಸೆಕೆಂಡಿಗೆ 2.9 ಸುತ್ತು ಹಾಕುತ್ತದೆ. ಗುಮ್ಮಟದ ಸ್ವಂತ ಗುರುತು ಅಂತ ಏನಾದರೂ ಇದ್ದರೆ ಅದು ಈ 2.9 ಹರ್ಟ್ಸ್ ಅಂತರದಲ್ಲಿರುತ್ತದೆ. ಅದನ್ನು ಬಿಡಿಸಿ ನೋಡಲು ಕನಿಷ್ಠ 0.35 ಸೆಕೆಂಡಿನ ತುಣುಕು ಬೇಕು. ಪರದೆಯ ಮೇಲೆ ಎದ್ದು ಕಾಣುವ ಗೆರೆ ಬಹುಪಾಲು ನಮ್ಮದೇ ಚಪ್ಪಾಳೆಯದ್ದು. ಸಾಲದ್ದಕ್ಕೆ, ಎಷ್ಟೋ ಫೋನುಗಳು ಸಣ್ಣ ಸದ್ದನ್ನು ತಾವಾಗಿಯೇ ಎತ್ತಿ, ದೊಡ್ಡದನ್ನು ತಗ್ಗಿಸಿ ರೆಕಾರ್ಡ್ ಮಾಡುತ್ತವೆ. ಪ್ರತಿಧ್ವನಿ ಎಷ್ಟು ಬೇಗ ಸೊರಗುತ್ತದೆ ಅನ್ನುವ ಮುಖ್ಯ ಮಾಹಿತಿಯೇ ಅಲ್ಲಿ ಕೆಟ್ಟುಹೋಗುತ್ತದೆ.

ಇದೇ ಗೋಡೆ ತಬ್ಬುವ ಗುಣ ಬೆಳಕಿಗೂ ಇದೆ. 1989ರಲ್ಲಿ ಮಾಸ್ಕೋದ ಸಂಶೋಧಕರು ಪುಟ್ಟ ಗಾಜಿನ ಗೋಲಿಯೊಳಗೆ ಬೆಳಕನ್ನು ಹೀಗೇ ಸುತ್ತಿಸಿ ತೋರಿಸಿದರು. ಆ ಬಗೆಯ ಸುತ್ತಾಟಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಪಿಸುಮಾತಿನ ಗ್ಯಾಲರಿಯದ್ದೇ. ಒಂದು ಮಿಲಿಮೀಟರ್ ಅಗಲದ ಗಾಜಿನ ಉಂಗುರದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 6,600 ಕೋಟಿ ಸುತ್ತು ಹಾಕುತ್ತದೆ. ಲೆಕ್ಕ ಗುಮ್ಮಟದ್ದೇ: ವೇಗವನ್ನು ಸುತ್ತಳತೆಯಿಂದ ಭಾಗಿಸಿ. 2007ರಲ್ಲಿ ಜರ್ಮನಿಯಲ್ಲಿ ಇಂಥ ಉಂಗುರದಿಂದ ಸಮಾನ ಅಂತರದ ಹಲವು ಬಣ್ಣಗಳನ್ನು ಒಟ್ಟಿಗೆ ಹೊರಡಿಸಿದರು. ಇದಕ್ಕೆ ಫ್ರೀಕ್ವೆನ್ಸಿ ಬಾಚಣಿಗೆ ಅನ್ನುತ್ತಾರೆ. ಲೇಸರಿನಿಂದ ಮಾಡಿದ ದೊಡ್ಡ ಬಾಚಣಿಗೆಗೆ 2005ರಲ್ಲೇ ಹಾಲ್ ಮತ್ತು ಹೆನ್ಶ್ ಅವರಿಗೆ ನೊಬೆಲ್ ಸಿಕ್ಕಿತ್ತು.

ಇದರ ಉಪಯೋಗ ಏನು? ಕಣ್ಣಿಗೆ ಕಾಣುವ ಬೆಳಕು ಸೆಕೆಂಡಿಗೆ ಸುಮಾರು 500 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಯಾವ ಎಲೆಕ್ಟ್ರಾನಿಕ್ ಕೌಂಟರೂ ಅದನ್ನು ನೇರವಾಗಿ ಎಣಿಸಲಾರದು. ಆದರೆ ಬಾಚಣಿಗೆಯ ಯಾವುದೋ ಒಂದು ಹಲ್ಲು, ಅಂದರೆ ಅದರ ಒಂದು ಬಣ್ಣ, ಆ ಬೆಳಕಿನ ಹತ್ತಿರ ಬಿದ್ದಿರುತ್ತದೆ. ಎರಡನ್ನೂ ಬೆರೆಸಿದರೆ ಅವುಗಳ ನಡುವಿನ ವ್ಯತ್ಯಾಸ ರೇಡಿಯೋ ಫ್ರೀಕ್ವೆನ್ಸಿಯಾಗಿ ಹೊರಬರುತ್ತದೆ. ಅದನ್ನು ಲ್ಯಾಬಿನ ಸ್ಪೆಕ್ಟ್ರಮ್ ಅನಲೈಸರ್ ಆರಾಮಾಗಿ ತೋರಿಸುತ್ತದೆ. ಸೆಕೆಂಡನ್ನು ಸೀಸಿಯಂ ಪರಮಾಣುವಿನ 9,19,26,31,770 ಕಂಪನಗಳೆಂದು 1967ರಲ್ಲಿ ನಿಗದಿ ಮಾಡಿದರಲ್ಲ, ಅದಕ್ಕಿಂತ ಕರಾರುವಾಕ್ಕಾದ ಬೆಳಕಿನ ಗಡಿಯಾರಗಳನ್ನು ಓದುವುದು ಈ ಬಾಚಣಿಗೆಯಿಂದಲೇ.

ಗುಮ್ಮಟದ ಸದ್ದು ಅಳೆಯಲು ಇಷ್ಟೆಲ್ಲ ಬೇಕಿಲ್ಲ. ಒಂದು ಒಳ್ಳೆಯ ಮೈಕು, ಅದನ್ನು ಹದಕ್ಕೆ ತರಲು 1,000 ಹರ್ಟ್ಸ್‌ನಲ್ಲಿ 94 ಡೆಸಿಬೆಲ್ ಸದ್ದು ಕೊಡುವ ಕ್ಯಾಲಿಬ್ರೇಟರ್, ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ನಿಧಾನವಾಗಿ ಏರುವ ಸದ್ದು ನುಡಿಸಲು ಒಂದು ಸ್ಪೀಕರ್, ಒಂದು ಲ್ಯಾಪ್‌ಟಾಪ್. ಇಂಜಿನಿಯರಿಂಗ್ ಕಾಲೇಜಿರುವ ಊರಿಗೆ ಇದು ದೊಡ್ಡ ಮಾತಲ್ಲ. ಕಷ್ಟ ಇರುವುದು ಪುರಾತತ್ವ ಇಲಾಖೆಯ ಅನುಮತಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಗದ್ದಲವಿಲ್ಲದ ಒಂದು ತಾಸಿನಲ್ಲಿ. ಗೇಟು ತೆರೆಯುವ ಮುಂಚಿನ ಹೊತ್ತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಒಳಗಿನ ಗಾಳಿ ಎಷ್ಟು ಬಿಸಿ ಇತ್ತು ಅನ್ನುವುದನ್ನೂ ಅಳತೆಯ ಪಕ್ಕದಲ್ಲೇ ಬರೆದಿಡಬೇಕು. ಅದು 15 ಡಿಗ್ರಿಯಿಂದ 35ಕ್ಕೆ ಏರಿದರೆ ಹತ್ತನೆಯ ಪ್ರತಿಧ್ವನಿ ಸುಮಾರು 0.08 ಸೆಕೆಂಡ್ ಮೊದಲೇ ಬಂದುಬಿಡುತ್ತದೆ.